ನಿಂತರೆ ಮುಳ್ಳು ಏರುತ್ತೆ, ಓಡಿದರೆ ಇಳಿಯುತ್ತೆ: ರೇಡಿಯೇಟರ್ ಬದಲಿಸಬೇಕಾ?

ಪ್ರಶ್ನೆ
2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 94,000 ಕಿ.ಮೀ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮುಕ್ಕಾಲಿಗೆ ಹೋಗುತ್ತೆ. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಹತ್ತಿ 70ರಲ್ಲಿ ಹೋದರೆ ಐದು ನಿಮಿಷಕ್ಕೆ ಮಧ್ಯಕ್ಕೆ ಬರುತ್ತೆ. ಎಸಿ ಹಾಕಿದರೆ ಫ್ಯಾನ್ ಸದ್ದು ಕೇಳುತ್ತೆ, ಆದರೂ ಇಳಿಯಲ್ಲ. ಎರಡು ವಾರಕ್ಕೆ ಅರ್ಧ ಲೀಟರ್ ನೀರು ಹಾಕಬೇಕು, ನೆಲದ ಮೇಲೆ ಹನಿ ಇಲ್ಲ. ಮೆಕ್ಯಾನಿಕ್ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರ್‌ಗೆ ದಾರಿ ಬಿಡುವ ವಾಲ್ವ್) ಕಿತ್ತುಹಾಕೋಣ, ಆಗದಿದ್ದರೆ ರೇಡಿಯೇಟರ್ ಬದಲಿಸೋಣ ಅಂತಾರೆ.

ಗ್ರೀಸ್‌ಕೈ
ಎರಡಕ್ಕೂ ಈಗಲೇ ಒಪ್ಪಬೇಡಿ. ಓಡುವಾಗ ತಣ್ಣಗಾಗುತ್ತೆ ಅಂದರೆ ನೀರು ಸುತ್ತುತ್ತಿದೆ, ಥರ್ಮೋಸ್ಟಾಟ್ ತೆರೆಯುತ್ತಿದೆ. ನಿಂತಾಗ ಕಡಿಮೆ ಬಿದ್ದಿರೋದು ರೇಡಿಯೇಟರ್‌ಗೆ ತಾಗುವ ಗಾಳಿ. ಕಟ್ಟಿಕೊಂಡ ರೇಡಿಯೇಟರ್ ಆಗಿದ್ದರೆ ಹೆಚ್ಚಾಗಿ ಉಲ್ಟಾ: ಹೈವೇಯಲ್ಲಿ, ನಂದಿ ಬೆಟ್ಟದ ಏರಿನಲ್ಲಿ ಕಾಯುತ್ತೆ.

ಬಾನೆಟ್ ಎತ್ತಿ ಎಷ್ಟು ಫ್ಯಾನ್ ಇದೆ ಎಣಿಸಿ. ಎರಡಿದ್ದರೆ ಸಾಮಾನ್ಯವಾಗಿ ಒಂದು ರೇಡಿಯೇಟರ್‌ದು, ಇನ್ನೊಂದು ಎಸಿ ಕಂಡೆನ್ಸರ್‌ದು. ನಿಮಗೆ ಕೇಳಿದ ಸದ್ದು ಎರಡನೆಯದ್ದು ಇರಬಹುದು. ಎಸಿ ಆಫ್ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಸುಮಾರು 95ರಿಂದ 100 ಡಿಗ್ರಿಯೊಳಗೆ ರೇಡಿಯೇಟರ್ ಫ್ಯಾನ್ ಶುರುವಾಗಲೇಬೇಕು. ಆಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ (ಪಕ್ಕದ ಅದೇ ನಂಬರಿನ ರಿಲೇ ಅದಲು ಬದಲು ಮಾಡಿ ನೋಡಿ). ಕೊನೆಗೆ ಫ್ಯಾನ್ ಮೋಟರಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ, ಫ್ಯೂಸ್ ಇರುವ ವೈರಿನಿಂದ ಬ್ಯಾಟರಿಯ 12 ವೋಲ್ಟ್ ನೇರ ಕೊಡಿ. ತಿರುಗಿದರೆ ತಪ್ಪು ಸೆನ್ಸರ್ ಅಥವಾ ವೈರಿಂಗ್‌ನಲ್ಲಿ, ತಿರುಗದಿದ್ದರೆ ಮೋಟರ್‌ನಲ್ಲಿ. ಇಗ್ನಿಷನ್ ಆಫ್ ಇದ್ದರೂ ಫ್ಯಾನ್ ತಾನಾಗಿ ತಿರುಗಬಹುದು, ಬೆರಳು ಜೋಪಾನ.

ನಾಲ್ಕನೇಗೇರ್
ಥರ್ಮೋಸ್ಟಾಟ್ ಕಿತ್ತುಹಾಕೋದು ನಮ್ಮ ಊರಿನ ಹಳೇ ಚಾಳಿ. ಸುಮಾರು 82–88 ಡಿಗ್ರಿಗೆ ತೆರೆಯುವ ವಾಲ್ವ್ ಇಲ್ಲದಿದ್ದರೆ ಬೆಳಗಿನ ಚಳಿಯಲ್ಲಿ ಎಂಜಿನ್ ಬಿಸಿಯಾಗೋದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಕೆಲವು ಎಂಜಿನ್‌ಗಳಲ್ಲಿ ಅದೇ ವಾಲ್ವ್ ಬೈಪಾಸ್ ದಾರಿಯನ್ನೂ ಮುಚ್ಚಬೇಕು. ತೆಗೆದರೆ ಬಿಸಿನೀರು ರೇಡಿಯೇಟರ್ ಮುಟ್ಟದೆ ವಾಪಸ್ ಬಂದು ಇನ್ನೂ ಕಾಯುತ್ತೆ.

“ಡಿಸ್ಟಿಲ್ಡ್ ವಾಟರ್” ಅನ್ನುವ ಸದಸ್ಯರು
ಅರ್ಧ ಲೀಟರ್ ಎಲ್ಲಿಗೆ ಹೋಗುತ್ತಿದೆ ಅನ್ನೋದು ಬೇರೆ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಬರೀ ನೀರು 97 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ. ಒತ್ತಡ ಹಿಡಿದು ಅದನ್ನು ತಡೆಯೋದು ಕೂಲಂಟ್ ಮುಚ್ಚಳ, ಅಂದರೆ ಪ್ರೆಶರ್ ಕ್ಯಾಪ್. ಅದರ ರಬ್ಬರ್ ಬಿರಿದಿದ್ದರೆ ಟ್ರಾಫಿಕ್‌ನಲ್ಲಿ ಆವಿಯಾಗಿ ಹೋಗುತ್ತೆ, ಹನಿ ಕಾಣಲ್ಲ. ತಣ್ಣಗಿದ್ದಾಗ ಮಾತ್ರ ತೆಗೆದು ನೋಡಿ. ಕ್ಯಾಪಿನ ಮೇಲೆ ಬರೆದ 0.9 ಅಥವಾ 1.1 ಬಾರ್‌ಗೆ ಹೊಂದುವಂಥದ್ದೇ ತನ್ನಿ.

ಕ್ಯಾಪ್ ಸರಿ ಇದ್ದರೆ ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ಬಣ್ಣದ ಪುಡಿ ಕಟ್ಟಿದೆಯಾ, ಹೀಟರ್ ಸೋರಿ ಎಡಸೀಟಿನ ಮುಂದಿನ ಮ್ಯಾಟ್ ಒದ್ದೆಯಿದೆಯಾ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೂಲಂಟ್ ಟ್ಯಾಂಕಿನಲ್ಲಿ ಎಡೆಬಿಡದೆ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಮೇಲೆ ಅನುಮಾನ. ನೀಲಿ ದ್ರಾವಣದ ಟೆಸ್ಟ್ ಮಾಡಿಸಿ, ಹೊಗೆಯ ಗ್ಯಾಸ್ ಸೇರಿದ್ದರೆ ಹಳದಿಗೆ ತಿರುಗುತ್ತೆ. ಬೋರ್‌ವೆಲ್ ನೀರು ಹಾಕಿದ್ದರೆ ಇವತ್ತೇ ನಿಲ್ಲಿಸಿ. ಬಾಂಡ್ಲಿಯಲ್ಲಿ ಕಟ್ಟೋ ಬಿಳಿ ಪದರ ಒಳಗೂ ಕಟ್ಟುತ್ತೆ.

ಪ್ರಶ್ನೆ ಕೇಳಿದವರು
ಎರಡು ಫ್ಯಾನ್ ಇವೆ. ರೇಡಿಯೇಟರ್‌ದು ನೇರ ಕರೆಂಟ್ ಕೊಟ್ಟರೂ ಸುಮ್ಮನಿತ್ತು, ಕಡ್ಡಿಯಿಂದ ತಳ್ಳಿದ ಮೇಲೆ ತಿರುಗಿತು. ಕ್ಯಾಪಿನ ರಬ್ಬರ್ ಚಪ್ಪಟೆ. ಗುಳ್ಳೆ ಇಲ್ಲ.

ಗ್ರೀಸ್‌ಕೈ
ಮೋಟರಿನ ಬ್ರಷ್ (ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಸವೆದಿರಬೇಕು. ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಹಳೇ ಮೋಟರ್ ಕೈಯಲ್ಲಿ ಹಿಡಿದು ಬ್ಲೇಡಿನ ಅಳತೆ, ಕಪ್ಲರ್ ಹೊಂದಿಸಿಯೇ ಕೊಳ್ಳಿ. ಕಪ್ಲರ್ ಪಿನ್ ಕಪ್ಪಾಗಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಮೋಟರಿಗೂ ಕರೆಂಟ್ ಸರಿಯಾಗಿ ಸಿಗಲ್ಲ. ಹಳೇ ನೀರು ಪೂರ್ತಿ ಇಳಿಸಿ, ನೀರು ಬೆರೆಸದ ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ ತುಂಬಿ. ಕಾರಿನ ಮೂತಿ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಫ್ಯಾನ್ ಎರಡು ಸಲ ಬಂದು ನಿಲ್ಲುವ ತನಕ ಐಡ್ಲಿಂಗ್ ಬಿಡಿ. ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಏರ್ ಇನ್ನೂ ಇದೆ. ಮಾರನೆ ದಿನ ತಣ್ಣಗಿರುವಾಗ ಮಟ್ಟ ನೋಡಿ ಮತ್ತೆ ತುಂಬಿ.