ಒಂದೇ ಕಿರೀಟ, ಎರಡು ಪ್ರಸಂಗ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಪೂರ್ಣ ವಾಕ್ಯಗಳಲ್ಲಿ, ಕನ್ನಡದಲ್ಲಿಯೇ ಬರೆಯಬೇಕೆಂಬ ಕಟ್ಟಳೆಯೊಂದಿದೆ. ಅದನ್ನು ವಿಧಿಸಿದವರು ಅಡ್ಮಿನ್ ಆಗಿರುವ ತೀರ್ಥಹಳ್ಳಿಯ ದೊಡ್ಡಪ್ಪ. ಬದುಕಿಡೀ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ಅವರಿಗೆ ಹೆಬ್ಬೆರಳಿನ ಚಿತ್ರವೊಂದನ್ನೇ ಉತ್ತರವಾಗಿ ಕಳಿಸಿದರೆ ಮೈ ಉರಿಯುತ್ತದೆ. ಆದ್ದರಿಂದ ನಮ್ಮಲ್ಲಿ ಜಗಳಗಳೂ ವ್ಯಾಕರಣಬದ್ಧವಾಗಿಯೇ ನಡೆಯುತ್ತವೆ.

ಕಳೆದ ಭಾನುವಾರ ಮಧ್ಯಾಹ್ನ, ಎರಡು ದಿನಗಳ ಮಳೆಯ ನಂತರ ಕರೆಂಟು ಬಂದ ಗಳಿಗೆಯಲ್ಲಿ, ಸಾಗರದ ಭಾವ ಎಲ್ಲಿಂದಲೋ ಬಂದ ಉದ್ದನೆಯ ಬರಹವೊಂದನ್ನು ಗುಂಪಿಗೆ ದಾಟಿಸಿದರು. ರಿಡ್ಲಿ ಸ್ಕಾಟ್ ನಿರ್ದೇಶಿಸಿದ 1979ರ ‘ಏಲಿಯನ್’ ಮತ್ತು 1982ರ ‘ಬ್ಲೇಡ್ ರನ್ನರ್’ ಒಂದೇ ಜಗತ್ತಿನಲ್ಲಿ ನಡೆಯುವ ಕತೆಗಳೆಂದೂ, ಮೊದಲ ಚಿತ್ರದಲ್ಲಿ ನಾಯಕಿ ತಪ್ಪಿಸಿಕೊಳ್ಳುವ ಪುಟ್ಟ ನೌಕೆಯ ಪರದೆಯ ಮೇಲೆ ಮೂಡುವ ಅಕ್ಷರಗಳೇ ಎರಡನೆಯ ಚಿತ್ರದ ಹಾರುವ ಕಾರಿನ ಪರದೆಯಲ್ಲಿಯೂ ಕಾಣಿಸುತ್ತವೆಂದೂ ಅದರಲ್ಲಿತ್ತು. ಕೆಳಗೆ ಭಾವನ ಸ್ವಂತ ವಾಕ್ಯವೊಂದಿತ್ತು: “ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿದೆ ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ.”

ಅವರು ಯಾವಾಗ ಹೇಳಿದ್ದರೋ ನನಗೆ ನೆನಪಿಲ್ಲ. ಶಿವಮೊಗ್ಗದ ಚಿಕ್ಕಪ್ಪನಿಗೂ ನೆನಪಿರಲಿಲ್ಲ.

“ಅಳಿಯಂದಿರೇ, ಇದಕ್ಕೆ ಆಕರವೇನು? ಇದನ್ನು ನಿರ್ದೇಶಕರು ಹೇಳಿದ್ದಾರೆಯೇ, ಅಥವಾ ಹೋದ ಮಳೆಗಾಲದಲ್ಲಿ ಲಿಂಗನಮಕ್ಕಿಯ ಗೇಟು ತೆರೆದಿದೆಯೆಂದು ನೀವು ಯಾವುದೋ ಅಣೆಕಟ್ಟಿನ ವಿಡಿಯೋ ಕಳಿಸಿ, ಹೊಳೆಯಂಚಿನವರೆಲ್ಲ ರಾತ್ರಿ ನಿದ್ದೆಗೆಡುವಂತೆ ಮಾಡಿದಿರಲ್ಲ, ಆ ಜಾತಿಯದೇ?”

ಭಾವ ಕೆರಳಿದರು. “ಮಾವ, ಆ ವಿಡಿಯೋದ ಮಾತು ಬೇರೆ, ಇದು ಬೇರೆ. ಎರಡೂ ಚಿತ್ರಗಳಲ್ಲಿ ಒಂದೇ ಅಕ್ಷರಗಳಿರುವುದು ನಿಮ್ಮ ಕಣ್ಣಿಗೆ ಬೀಳುವುದಿಲ್ಲವೇ?”

ಇಲ್ಲಿಗೆ ದೊಡ್ಡಪ್ಪ ಬಂದರು. ಅವರು ಈ ಎರಡು ಚಿತ್ರಗಳನ್ನೂ ನೋಡಿದವರಲ್ಲ, ಆದರೆ ಚರ್ಚೆಗೆ ಅದೊಂದು ಅಡ್ಡಿಯಾಗಲಿಲ್ಲ. “ಈಗಿನವರಿಗೆ ಎಲ್ಲವೂ ಹಾಲಿವುಡ್ಡಿನಿಂದಲೇ ಬರಬೇಕು. ರಾಮಾಯಣದ ಜಾಂಬವಂತ ದ್ವಾಪರದಲ್ಲಿ ಶ್ಯಮಂತಕ ಮಣಿಗಾಗಿ ಕೃಷ್ಣನೊಡನೆ ಕಾದಾಡಲಿಲ್ಲವೇ? ಸೌಗಂಧಿಕಾ ಪುಷ್ಪಕ್ಕೆ ಹೊರಟ ಭೀಮನ ದಾರಿಗೆ ಹನುಮಂತ ಬಾಲ ಚಾಚಿ ಮಲಗಲಿಲ್ಲವೇ? ಬೆಳಗಿನವರೆಗೆ ಕೂತು ಯಕ್ಷಗಾನದ ಆಟ ನೋಡಿದ್ದರೆ ನಿಮಗೆ ಇದೆಲ್ಲ ತಿಳಿಯುತ್ತಿತ್ತು. ಮೊಬೈಲು ಹಿಡಿದು ಕೂತವರಿಗೆ ಹೇಗೆ ತಿಳಿಯಬೇಕು?” ಈ ಬೈಗುಳವನ್ನು ಅವರು ಟೈಪಿಸಿದ್ದೂ ಮೊಬೈಲಿನಲ್ಲಿಯೇ ಎಂಬುದನ್ನು ಎತ್ತಿ ತೋರಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಆದರೆ ಅವರು ಕೊಟ್ಟ ಉದಾಹರಣೆ ಮಾತ್ರ ಆ ದಿನದ ಅತ್ಯಂತ ಗಟ್ಟಿಯಾದ ಮಾತಾಗಿತ್ತು, ಅದು ಭಾವನ ವಾದಕ್ಕೆ ನೆರವಾಗುವಂಥದ್ದಾಗಿರಲಿಲ್ಲ. ಜಾಂಬವಂತ ಸುಮ್ಮನೆ ಬಂದು ಮುಖ ತೋರಿಸಿ ಹೋಗುವುದಿಲ್ಲ. ಭಾಗವತದ ಪ್ರಕಾರ 28 ದಿನ ಕಾದಾಡಿ, ಸೋತು, ಎದುರಿಗಿರುವವನು ತನ್ನ ಹಳೆಯ ಒಡೆಯನೇ ಎಂದು ಅರಿತು, ಮಣಿಯೊಡನೆ ಮಗಳನ್ನೂ ಧಾರೆಯೆರೆಯುತ್ತಾನೆ. ಹಿಂದಿನ ಯುಗದ ನಂಟು ಈ ಯುಗದ ಕತೆಯನ್ನು ತಿರುಗಿಸುತ್ತದೆ. ಚಲನಚಿತ್ರಗಳಲ್ಲಿ ಇಂಥ ನಂಟು ಅಪರೂಪ. 2011ರ ‘ರಾ.ಒನ್’ ಚಿತ್ರದಲ್ಲಿ ಅದರ ಹಿಂದಿನ ವರ್ಷದ ‘ಎಂದಿರನ್’ ಚಿತ್ರದ ರೋಬೋ ಚಿಟ್ಟಿ ಕೆಲವು ಕ್ಷಣ ಕಾಣಿಸಿಕೊಂಡಾಗ ಚಿತ್ರಮಂದಿರಗಳಲ್ಲಿ ಶಿಳ್ಳೆ ಬಿದ್ದದ್ದು ನಿಜ, ಆದರೆ ‘ಎಂದಿರನ್’ನಲ್ಲಿ ರೋಬೋಗಳ ದಂಡೊಂದು ಚೆನ್ನೈಯನ್ನು ನಡುಗಿಸಿದ ಘಟನೆ ‘ರಾ.ಒನ್’ ಕತೆಯ ನಡೆಯನ್ನು ಕೂದಲೆಳೆಯಷ್ಟೂ ಬದಲಿಸುವುದಿಲ್ಲ. ಅದನ್ನು ನೆಂಟಸ್ತಿಕೆ ಎನ್ನಲಾಗದು. ಮದುವೆ ಮನೆಗೆ ಬಂದು ಫೋಟೋ ತೆಗೆಸಿಕೊಂಡು, ಊಟಕ್ಕೆ ನಿಲ್ಲದೆ ಹೋದಂತೆ ಅಷ್ಟೇ.

ನಾನು ಇಷ್ಟನ್ನೂ ಗುಂಪಿನಲ್ಲಿ ಬರೆದೆ. ಯಾರೂ ಓದಿದಂತೆ ಕಾಣಲಿಲ್ಲ, ಏಕೆಂದರೆ ಅಷ್ಟರಲ್ಲಿ ಹೊಸನಗರದ ಅಣ್ಣ ಟೂರಿಂಗ್ ಟಾಕೀಸಿನ ನೆನಪನ್ನು ಬಿಚ್ಚಿದ್ದ.

“ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ನಮ್ಮೂರ ಟೆಂಟಿನಲ್ಲಿ ಆಪರೇಟರನು ರೀಲು ಅದಲುಬದಲು ಮಾಡಿದ್ದರಿಂದ, ಪೌರಾಣಿಕ ಚಿತ್ರದ ನಡುವೆ ಪತ್ತೇದಾರಿ ಚಿತ್ರದ ಜೀಪೊಂದು ನುಗ್ಗಿ ಬಂದಿತ್ತು. ನೆಲದಲ್ಲಿ ಕೂತಿದ್ದ ನಾವು, ರಾಕ್ಷಸನನ್ನು ಹಿಡಿಯಲು ಪೊಲೀಸರು ಬಂದರೆಂದು ಚಪ್ಪಾಳೆ ತಟ್ಟಿದೆವು. ಎರಡು ಚಿತ್ರಗಳು ಒಂದೇ ಜಗತ್ತಿನಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರು ನಾವು. ಅಂದು ಟಿಕೆಟ್ಟಿಗೆ ದುಡ್ಡು ಕೊಟ್ಟವನು ನಾನು, ಚಿಕ್ಕಪ್ಪ ಇನ್ನೂ ಹಿಂದಿರುಗಿಸಿಲ್ಲ.”

ಚಿಕ್ಕಪ್ಪ ಈ ಸಾಲವನ್ನು ಖಂಡಿತವಾಗಿ ನಿರಾಕರಿಸಿದರು. ನಾಲ್ಕನೆಯ ತರಗತಿಯ ಹುಡುಗನೊಬ್ಬ ಚಿಕ್ಕಪ್ಪನಿಗೆ ಸಾಲ ಕೊಡಲು ಹೇಗೆ ಸಾಧ್ಯವೆಂದು ಕೇಳಿ, ಅದಕ್ಕೂ ಆಕರ ಬೇಡಿದರು.

ಕೊಪ್ಪದ ಅತ್ತೆಯ ಮಗಳು ಒಂಬತ್ತನೆಯ ತರಗತಿಯವಳು. ಭಾವ ದಾಟಿಸಿದ ಬರಹವನ್ನು ಕೊನೆಯವರೆಗೆ ಓದಿದವಳು ಬಹುಶಃ ಅವಳೊಬ್ಬಳೇ. ‘ಏಲಿಯನ್’ ಚಿತ್ರದ ಕತೆ 2122ರಲ್ಲಿ, ‘ಬ್ಲೇಡ್ ರನ್ನರ್’ ಚಿತ್ರದ ಕತೆ 2019ರಲ್ಲಿ ನಡೆಯುವುದರಿಂದ ಕಾಲದ ದೃಷ್ಟಿಯಿಂದ ಅಡ್ಡಿಯಿಲ್ಲವೆಂದು ಅವಳು ಮೊದಲು ಭಾವನ ಪರವಾಗಿಯೇ ಬರೆದಳು. ಆದರೆ ‘ಬ್ಲೇಡ್ ರನ್ನರ್’ ಚಿತ್ರದ ಕೃತಕ ಮನುಷ್ಯರು ನಾಲ್ಕೇ ವರ್ಷ ಬಾಳುವಂತೆ ರೂಪಿಸಿದ, ರಕ್ತಮಾಂಸದಿಂದಲೇ ಆದ ದೇಹಗಳು. ‘ಏಲಿಯನ್’ ಚಿತ್ರದ ಕೃತಕ ಮನುಷ್ಯನೊಳಗೆ ಇರುವುದು ಕೊಳವೆಗಳು ಮತ್ತು ಹಾಲಿನಂಥ ದ್ರವ. ನೂರು ವರ್ಷಗಳಲ್ಲಿ ಈ ವಿದ್ಯೆ ಹಿಂದಕ್ಕೆ ನಡೆಯಿತೇ ಎಂದು ಕೇಳಿದಳು.

ಅಷ್ಟಕ್ಕೇ ನಿಲ್ಲಲಿಲ್ಲ. 1999ರ ‘ಸ್ಟಾರ್ ವಾರ್ಸ್’ ಚಿತ್ರದ ಸಭಾಭವನದಲ್ಲಿ ‘ಇ.ಟಿ.’ಯ ಕುಲದವರು ಕುಳಿತಿರುವುದು ನಿಜ, ಆದರೆ 1982ರ ‘ಇ.ಟಿ.’ ಚಿತ್ರದ ಹುಡುಗನ ಕೋಣೆಯಲ್ಲಿ ‘ಸ್ಟಾರ್ ವಾರ್ಸ್’ ಗೊಂಬೆಗಳೇ ಇವೆ. ಒಂದು ಜಗತ್ತಿನಲ್ಲಿ ಆಟದ ಸಾಮಾನಾಗಿ ಮಾರಾಟವಾಗುವವರು ಅದೇ ಜಗತ್ತಿನಲ್ಲಿ ಬದುಕಿರುವುದು ಹೇಗೆ? ಇನ್ನು, 1990ರ ‘ಪ್ರಿಡೇಟರ್ 2’ ಚಿತ್ರದಲ್ಲಿ ಬೇಟೆಯ ತಲೆಬುರುಡೆಗಳ ನಡುವೆ ಏಲಿಯನ್ನಿನ ಬುರುಡೆಯೊಂದನ್ನಿಟ್ಟು ತೋರಿಸಿದ ನಂಟಂತೂ 2004ರಲ್ಲಿ ಅಧಿಕೃತವಾಗಿ ‘ಏಲಿಯನ್ ವರ್ಸಸ್ ಪ್ರಿಡೇಟರ್’ ಎಂಬ ಚಿತ್ರವೇ ಆಯಿತು. ಆ ಚಿತ್ರದಲ್ಲಿ, ‘ಏಲಿಯನ್’ ಕತೆಗಳಲ್ಲಿ ಬರುವ ವೇಯ್ಲಂಡ್ ಎಂಬ ಕಂಪನಿಯ ಒಡೆಯನೊಬ್ಬ ಸಾಯುತ್ತಾನೆ. 2012ರ ‘ಪ್ರೊಮಿಥಿಯಸ್’ ಚಿತ್ರದಲ್ಲಿ ಸ್ಕಾಟ್ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಕಂಪನಿ ಕಟ್ಟಿದವನೆಂದು ಬೇರೊಬ್ಬ ವೇಯ್ಲಂಡನನ್ನು ತಂದು ನಿಲ್ಲಿಸಿದರು.

“ಮತ್ತೆ ಆ ಪರದೆಯ ಅಕ್ಷರಗಳು?” ಎಂದು ಭಾವ ಪಟ್ಟು ಬಿಡದೆ ಕೇಳಿದರು.

ಉತ್ತರಿಸಿದವರು ದೊಡ್ಡಪ್ಪ. “ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯ ಪೆಟ್ಟಿಗೆಯಲ್ಲಿರುವುದು ಒಂದೇ ಕಿರೀಟ. ಇವತ್ತು ರಾತ್ರಿ ಅದನ್ನು ರಾವಣ ಕಟ್ಟಿಕೊಳ್ಳುತ್ತಾನೆ, ನಾಳೆ ರಾತ್ರಿ ಕೌರವ. ಅಷ್ಟರಿಂದ ಇಬ್ಬರೂ ದಾಯಾದಿಗಳಾದರೆಂದು ಹೇಳುತ್ತೀರೋ?”

ಚಿಕ್ಕಪ್ಪ ಈ ಮಾತನ್ನು ಮೆಚ್ಚಿ, ಆದರೆ ಬೆಳಿಗ್ಗೆ ದೊಡ್ಡಪ್ಪ ಭಾವನ ಪಕ್ಷದಲ್ಲಿದ್ದರೆಂಬುದನ್ನು ಸಮಯದ ಸಮೇತ ನೆನಪಿಸಿದರು. ತಾವು ಯಾರ ಪಕ್ಷದಲ್ಲಿಯೂ ಇರಲಿಲ್ಲ, ಜಾಂಬವಂತನ ಪಕ್ಷದಲ್ಲಿದ್ದೆವೆಂದು ದೊಡ್ಡಪ್ಪ ಬರೆದರು. ಅಲ್ಲದೆ ತಾವು ಬರೆದದ್ದು ಬೆಳಿಗ್ಗೆಯಲ್ಲ, ಊಟವಾದ ಮೇಲೆ ಎಂದು ತಿದ್ದಿದರು. ಇದರ ಮೇಲೆ ಹನ್ನೊಂದು ಸಂದೇಶಗಳು ಹರಿದವು.

ರಾತ್ರಿ ಒಂಬತ್ತಕ್ಕೆ ಚಿಕ್ಕಪ್ಪ ಕೊನೆಯ ಬಾಣ ಬಿಟ್ಟರು: “ಅಳಿಯಂದಿರೇ, ಸಿನಿಮಾದ ಮಾತು ಹಾಗಿರಲಿ. ಹೋದ ವರ್ಷದ ವಿಡಿಯೋದಲ್ಲಿದ್ದ ಅಣೆಕಟ್ಟು ಲಿಂಗನಮಕ್ಕಿಯದಲ್ಲವೆಂದು ಇವತ್ತಾದರೂ ಒಪ್ಪಿಕೊಳ್ಳುತ್ತೀರೋ?”

ಭಾವ ಬಹಳ ಹೊತ್ತು ಟೈಪಿಸುತ್ತಿದ್ದರು. ಬಂದದ್ದು ಒಂದೇ ವಾಕ್ಯ, ಪೂರ್ಣವಿರಾಮದ ಸಮೇತ:

“ಮಾವ, ಎರಡು ಅಣೆಕಟ್ಟುಗಳೂ ಒಂದೇ ಜಗತ್ತಿನಲ್ಲಿವೆ, ಇದಕ್ಕಂತೂ ನೀವು ಆಕರ ಕೇಳಲಾರಿರಿ.”