ರಬ್ಬರ್‌ಗಿಂತ ಉಕ್ಕು ಜಾಸ್ತಿ ಎಲಾಸ್ಟಿಕ್ ಎಂದರೆ ಮಕ್ಕಳು ನಂಬುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ಹೈಸ್ಕೂಲ್ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಸ್ಥಿತಿಸ್ಥಾಪಕತ್ವದ ಪಾಠ ಬಂದಾಗಲೆಲ್ಲ ಒಂದೇ ಕಡೆ ಗಾಡಿ ನಿಲ್ಲುತ್ತದೆ. ರಬ್ಬರ್‌ಗಿಂತ ಉಕ್ಕು ಹೆಚ್ಚು ಎಲಾಸ್ಟಿಕ್ ಎಂದ ಕೂಡಲೇ ಮುಖ ಮುಖ ನೋಡಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತಾರೆ, ಯಂಗ್ಸ್ ಮಾಡ್ಯುಲಸ್ (ಒಂದು ವಸ್ತುವನ್ನು ಹಿಗ್ಗಿಸುವುದು ಎಷ್ಟು ಕಷ್ಟ ಎನ್ನುವ ಅಳತೆ) ಲೆಕ್ಕಾನೂ ಮಾಡುತ್ತಾರೆ, ಆದರೆ ವಾರ ಬಿಟ್ಟು ಕೇಳಿದರೆ ಮತ್ತೆ ರಬ್ಬರ್ ಅನ್ನುತ್ತಾರೆ. ಸುಮ್ನೆ ಬಾಯಿಪಾಠ ಆಗಿದೆ. ನೀವೆಲ್ಲ ಹೇಗೆ ಹೇಳಿಕೊಡುತ್ತೀರಿ?

ಉತ್ತರ 1:
ಎಲಾಸ್ಟಿಕ್ ಅನ್ನೋ ಪದವೇ ಇಲ್ಲಿ ತೊಡಕು. ದಿನದ ಮಾತಿನಲ್ಲಿ ಚೆನ್ನಾಗಿ ಹಿಗ್ಗುವುದಕ್ಕೆ ಹಾಗೆನ್ನುತ್ತೇವೆ, ಅಲ್ವಾ? ಪಾಠದಲ್ಲಿರುವುದು ಬೇರೆ: ಹಿಗ್ಗಿಸಲು ಎಷ್ಟು ಬಲ ಬೇಕು, ಬಿಟ್ಟರೆ ಮೊದಲಿನ ಅಳತೆಗೆ ಬರುತ್ತದಾ. ನಾನು ಒಂದು ಲೆಕ್ಕ ಕೊಡುತ್ತೇನೆ. 1 ಮೀಟರ್ ಉದ್ದದ ಉಕ್ಕಿನ ತಂತಿ, ಅಡ್ಡ ಕತ್ತರಿಸಿದರೆ 1 ಚದರ ಮಿಲಿಮೀಟರ್, ಅದಕ್ಕೆ 10 ಕೆಜಿ ತೂಗುಹಾಕಿದರೆ ಎಷ್ಟು ಹಿಗ್ಗುತ್ತದೆ? ಉಕ್ಕಿನ ಮಾಡ್ಯುಲಸ್ ಸುಮಾರು 200 ಗಿಗಾಪಾಸ್ಕಲ್, ಉತ್ತರ ಅರ್ಧ ಮಿಲಿಮೀಟರ್. ಆಮೇಲೆ ಆ ಅರ್ಧ ಮಿಲಿಮೀಟರನ್ನು ಸ್ಕೇಲ್ ಮೇಲೆ ತೋರಿಸಿ ಎನ್ನುತ್ತೇನೆ. ಕ್ಲಾಸ್ ಗಪ್‌ಚಿಪ್.

ಉತ್ತರ 2:
ಲೆಕ್ಕಕ್ಕಿಂತ ಮೊದಲು ಕೈಗೆ ರಬ್ಬರ್ ಬ್ಯಾಂಡ್ ಕೊಡಿ. 50 ಗ್ರಾಂ, 100 ಗ್ರಾಂ ಅಂತ ತೂಕ ಏರಿಸುತ್ತಾ ಉದ್ದ ಬರೆದುಕೊಳ್ಳಲಿ, ಮುಖ್ಯವಾಗಿ ಒಂದೊಂದೇ ತೂಕ ಇಳಿಸುವಾಗಲೂ ಬರೆದುಕೊಳ್ಳಲಿ. ಗ್ರಾಫ್ ನೇರ ಗೆರೆ ಬರುವುದಿಲ್ಲ. ಅಷ್ಟೇ ಅಲ್ಲ, ಅದೇ 100 ಗ್ರಾಂಗೆ ಇಳಿಸುವಾಗ ಬ್ಯಾಂಡ್ ಸ್ವಲ್ಪ ಜಾಸ್ತಿ ಉದ್ದ ಇರುತ್ತದೆ. ಮಕ್ಕಳು ಅಳತೆ ತಪ್ಪಾಯಿತು ಅಂತ ಅಳಿಸಲು ಹೋಗುತ್ತಾರೆ, ದಯವಿಟ್ಟು ಅಳಿಸಲು ಬಿಡಬೇಡಿ! ಹೋದ ದಾರಿಯಲ್ಲೇ ವಾಪಸ್ ಬಂದಿಲ್ಲ, ನಡುವೆ ಹೋದ ಶಕ್ತಿ ಶಾಖವಾಗಿದೆ. ಬಲ ಎಷ್ಟು ಪಟ್ಟೋ ಹಿಗ್ಗುವುದೂ ಅಷ್ಟೇ ಪಟ್ಟು ಎನ್ನುವ ಹುಕ್‌ನ ನಿಯಮ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅನ್ನುವುದು ಅವರ ಕೈಯಲ್ಲೇ ಇರುತ್ತದೆ.

ಉತ್ತರ 3:
ಇನ್ನೊಂದು ಗೊಂದಲ: ಸ್ಪ್ರಿಂಗ್‌ನ ಬಿಗಿ ಬೇರೆ, ಲೋಹದ ಗುಣ ಬೇರೆ. ಸ್ಪ್ರಿಂಗನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿದರೆ ಅದೇ ತೂಕಕ್ಕೆ ಅರ್ಧದಷ್ಟೇ ಹಿಗ್ಗುತ್ತದೆ, ಲೋಹ ಮಾತ್ರ ಅದೇ. ಇದನ್ನು ನೋಡಿದವರಿಗೆ ಸ್ಟ್ರೆಸ್ (ಪ್ರತಿ ಚದರ ಅಳತೆಗೆ ಬೀಳುವ ಬಲ), ಸ್ಟ್ರೇನ್ (ಮೊದಲಿನ ಉದ್ದಕ್ಕೆ ಹೋಲಿಸಿದರೆ ಎಷ್ಟು ಹಿಗ್ಗಿತು) ಯಾಕೆ ಬೇಕು ಅಂತ ಹೇಳಬೇಕಾಗಿಯೇ ಇಲ್ಲ.

ಪ್ರಶ್ನೆ ಕೇಳಿದವರು:
ಇಳಿಸುವಾಗಿನ ಅಳತೆ ನಾನು ಒಮ್ಮೆಯೂ ತೆಗೆಸಿಲ್ಲ. ಸ್ಪ್ರಿಂಗ್ ಕೊಟ್ಟು, ನೇರ ಗೆರೆ ಬಂದ ಕೂಡಲೇ ಮುಗಿಸುತ್ತಿದ್ದೆ. ಈ ಸಲ ರಬ್ಬರ್ ಬ್ಯಾಂಡಿನಿಂದಲೇ ಶುರು ಮಾಡುತ್ತೇನೆ. ಒಂದು ಕೇಳಬೇಕು: ಪ್ರತಿ ತೂಕ ಹಾಕಿದ ಮೇಲೆ ಎಷ್ಟು ಹೊತ್ತು ಕಾದು ಅಳೆಯುತ್ತೀರಿ?

ಉತ್ತರ 2:
ಅರ್ಧ ನಿಮಿಷ. ಏರಿಸುವಾಗಲೂ ಇಳಿಸುವಾಗಲೂ ಅಷ್ಟೇ ಕಾಯಬೇಕು. ರಬ್ಬರ್ ತೂಕ ಹೊತ್ತ ಮೇಲೂ ನಿಧಾನಕ್ಕೆ ಹಿಗ್ಗುತ್ತಲೇ ಇರುತ್ತದೆ.