ಸೊಂಟದುದ್ದ ಕೂದಲಿಗೆ ಫ್ರೆಂಚ್ ಟ್ವಿಸ್ಟ್: ಸಂಜೆವರೆಗೆ ನಿಲ್ಲಿಸೋದು ಹೇಗೆ?

ಪ್ರಶ್ನೆ:
ನನ್ನ ಕೂದಲು ಸೊಂಟದವರೆಗೆ ಇದೆ, ದಪ್ಪವೂ ಇದೆ. ದಿನಾ ಜಡೆ ಹಾಕಿ ಬೇಜಾರಾಗಿದೆ. ಹಿಂದಿನಿಂದ ಮೇಲಕ್ಕೆ ಸುರುಳಿ ಸುತ್ತಿ ತುದಿಯನ್ನು ಒಳಗೆ ಸೇರಿಸುವ ಫ್ರೆಂಚ್ ಟ್ವಿಸ್ಟ್ ತುಂಬಾ ಇಷ್ಟ. ಆದರೆ ಹಾಕಿದ ಅರ್ಧ ಗಂಟೆಗೇ ಜಾರಿ ಕತ್ತಿನ ಮೇಲೆ ಬಂದು ಕೂರುತ್ತದೆ. ಬಿಗಿಯಾಗಿ ಹಾಕಿದರೆ ಮಧ್ಯಾಹ್ನಕ್ಕೆ ತಲೆನೋವು. 15 ಪಿನ್ ಚುಚ್ಚಿದರೂ ಅಷ್ಟೇ. ಉದ್ದ ಕೂದಲಿನವರು ಯಾರಾದರೂ ಇದನ್ನು ದಿನವಿಡೀ ಹಾಕಿಕೊಳ್ಳುತ್ತೀರಾ? ಹೇಗೆ ಅಂತ ದಯವಿಟ್ಟು ಹೇಳಿ.

ಉತ್ತರ:
ನಾನು ಹಾಕಿಕೊಳ್ಳುತ್ತೇನೆ, ವಾರದಲ್ಲಿ ನಾಲ್ಕು ದಿನ. ನಿಮ್ಮ ತೊಂದರೆ ಪಿನ್ ಎಷ್ಟು ಅನ್ನೋದರಲ್ಲಿ ಇಲ್ಲ, ಪಿನ್ ಯಾವುದನ್ನು ಹಿಡಿದಿದೆ ಅನ್ನೋದರಲ್ಲಿದೆ. ಬರೀ ಸುರುಳಿಗೆ ಚುಚ್ಚಿದ ಪಿನ್ ಸುರುಳಿಯ ಜೊತೆಗೇ ಕೆಳಗೆ ಬರುತ್ತದೆ ಅಲ್ವಾ? ಸುರುಳಿಯ ಅಂಚಿನ ಸ್ವಲ್ಪ ಕೂದಲು, ತಲೆಗೆ ಅಂಟಿಕೊಂಡಿರುವ ಸ್ವಲ್ಪ ಕೂದಲು, ಎರಡನ್ನೂ ಒಂದೇ ಪಿನ್ ಹಿಡಿಯಬೇಕು.

ದಪ್ಪ ಕೂದಲಿಗೆ ಬಾಬಿ ಪಿನ್ ಸಾಲದು. ಅದು ಒತ್ತಿ ಹಿಡಿಯುವ ಪಿನ್, ತೆಳು ಎಳೆಗಳಿಗೆ ಸರಿ, ಜಾಸ್ತಿ ಕೂದಲು ತುಂಬಿದರೆ ಬಾಯಿ ಅಗಲವಾಗಿ ಹಿಡಿತ ಹೋಗುತ್ತದೆ. ನಿಮಗೆ ಬೇಕಿರುವುದು ಎರಡು ಕಾಲಿನ ಯು ಪಿನ್. ಅದನ್ನು ಹೀಗೆ ಹಾಕಿ: ಪಿನ್ನಿನ ತುದಿ ಮೊದಲು ಸುರುಳಿಯ ಹೊರಗಡೆಗೆ ಮುಖ ಮಾಡಿರಲಿ, ಅಂಚಿನ ಸ್ವಲ್ಪ ಕೂದಲನ್ನು ಎತ್ತಿಕೊಳ್ಳಿ, ತುದಿ ತಲೆಯ ಚರ್ಮಕ್ಕೆ ಮೆಲ್ಲಗೆ ತಾಗುವಷ್ಟು ಒಳಗೆ ಹೋಗಲಿ, ಆಮೇಲೆ ಪಿನ್ನನ್ನೇ ಹಿಂದಕ್ಕೆ ಮಗುಚಿ ಸುರುಳಿಯ ಒಳಕ್ಕೆ ತಳ್ಳಿ. ಮಗುಚಿದಾಗಲೇ ಅದು ಬೀಗ ಹಾಕಿದ ಹಾಗೆ ಕೂರುವುದು. ಹೀಗೆ ಹಾಕಿದರೆ ನನಗೆ 6 ಪಿನ್ ಸಾಕು. ಕೈಗೆ ಅಭ್ಯಾಸವಾಗಲು ಒಂದು ವಾರ ಬೇಕಾಯಿತು, ಅದಕ್ಕೇ ಮೊದಲ ದಿನ ಬರಲಿಲ್ಲ ಅಂತ ಬಿಡಬೇಡಿ.

ಇನ್ನು ಉದ್ದದ ವಿಷಯ. ಭುಜದವರೆಗಿನ ಕೂದಲಾದರೆ ಸುತ್ತಿ ಎತ್ತಿದಾಗ ತುದಿ ಸುಮ್ನೆ ಒಳಗೆ ಹೋಗುತ್ತದೆ. ನಮ್ಮ ಕೂದಲಲ್ಲಿ ಎತ್ತಿದ ಮೇಲೂ ಮೊಳದಷ್ಟು ಬಾಲ ಉಳಿಯುತ್ತದೆ, ಅದನ್ನೆಲ್ಲ ನೆತ್ತಿಯ ಹತ್ತಿರ ತುರುಕಿದರೆ ಭಾರ ಮೇಲಾಗಿ ಇಡೀ ಸುರುಳಿ ಹಿಂದಕ್ಕೆ ಬಾಗುತ್ತದೆ. ನಾನು ಸುತ್ತುವ ಮೊದಲೇ ಬಾಲವನ್ನು ಎರಡು ಮಡಿಕೆ ಮಾಡಿಕೊಳ್ಳುತ್ತೇನೆ. ಮಡಚಿದ್ದನ್ನು ಸುರುಳಿಯ ಉದ್ದಕ್ಕೂ ಒಳಗೆ ಮಲಗಿಸಿ ಅದರ ಮೇಲೆ ಹೊರಗಿನ ಕೂದಲನ್ನು ಹೊದಿಸುತ್ತೇನೆ. ಭಾರ ಮೇಲಿಂದ ಕೆಳಗಿನವರೆಗೆ ಹಂಚಿಕೊಳ್ಳುತ್ತದೆ, ತಲೆನೋವೂ ಕಡಿಮೆ.

ಇನ್ನೊಬ್ಬರ ಉತ್ತರ:
ಮೇಲಿನವರು ಹೇಳಿದ್ದು ಸರಿ. ತಲೆಗೆ ನೀರು ಹಾಕಿಕೊಂಡ ದಿನವೇ ಹಾಕಬೇಡಿ, ಆವತ್ತು ಕೂದಲು ವಿಪರೀತ ಜಾರುತ್ತದೆ. ಮರುದಿನ ಹಾಕಿ. ಒದ್ದೆ ಕೂದಲಿಗಂತೂ ಬೇಡವೇ ಬೇಡ, ಒದ್ದೆಯಿದ್ದಾಗ ಅದು ಹಿಗ್ಗುತ್ತದೆ, ಎಳೆದರೆ ಬೇಗ ತುಂಡಾಗುತ್ತದೆ.

ಇನ್ನೊಬ್ಬರ ಉತ್ತರ:
ನನ್ನ ಕೂದಲು ನಿಮ್ಮಷ್ಟೇ ಉದ್ದ, ಆದರೆ ರೇಷ್ಮೆ ಹಾಗೆ ನುಣುಪು, ಲೇಯರ್ ಕಟ್ ಬೇರೆ. ಗಿಡ್ಡ ಎಳೆಗಳೆಲ್ಲ ಮುಳ್ಳಿನ ಹಾಗೆ ಹೊರಗೆ ಬರುತ್ತಿದ್ದವು. ಹಿಂದಿನ ರಾತ್ರಿ ಸಡಿಲವಾಗಿ ಎರಡು ಜಡೆ ಹಾಕಿ ಮಲಗುತ್ತೇನೆ. ಬೆಳಿಗ್ಗೆ ಬಿಚ್ಚಿದಾಗ ಅಲೆ ಅಲೆಯಾಗಿರುತ್ತದೆ, ಪಿನ್ನಿಗೆ ಹಿಡಿಯಲು ಏನೋ ಸಿಗುತ್ತದೆ. ಉಲ್ಟಾ ಬಾಚಿ ಉಬ್ಬಿಸುವುದನ್ನು ನಾನು ಪೂರ್ತಿ ಬಿಟ್ಟೆ, ಸಂಜೆ ಸಿಕ್ಕು ಬಿಡಿಸುವಾಗ ಕೂದಲು ಕಿತ್ತು ಬರುತ್ತಿತ್ತು.

ಸ್ಪ್ರಿಂಗ್ ಥರ ಸುರುಳಿ ಇರುವ ಸ್ಪಿನ್ ಪಿನ್ ಕೂಡ ನೋಡಿ. ಮೇಲಿಂದ ಒಂದು, ಕೆಳಗಿಂದ ಒಂದು, ಸ್ಕ್ರೂ ತಿರುಗಿಸಿದ ಹಾಗೆ ತಿರುಗಿಸಿದರೆ ಆಯಿತು. ತೆಗೆಯುವಾಗಲೂ ತಿರುಗಿಸಿಯೇ ತೆಗೆಯಿರಿ, ಎಳೆಯಬೇಡಿ. ಗುಂಡಗೆ ಕಟ್ಟುವ ತುರುಬಿಗೆ ನನಗೆ ಇವೆರಡೇ ಸಾಕು, ಫ್ರೆಂಚ್ ಟ್ವಿಸ್ಟ್‌ಗೆ ಜೊತೆಗೆ ಎರಡು ಯು ಪಿನ್ ಬೇಕು.

ಇನ್ನೊಬ್ಬರ ಉತ್ತರ:
ತಲೆನೋವಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಅದನ್ನು ತಡೆದುಕೊಂಡು ಕೂರಬೇಡಿ. ನಾನು ಎರಡು ವರ್ಷ ದಿನಾ ಒಂದೇ ಜಾಗದಲ್ಲಿ, ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾಗಿ ಕಟ್ಟಿದೆ. ಕೆಲಸದ ಜಾಗದಲ್ಲಿ ಒಂದು ಎಳೆಯೂ ಹೊರಗೆ ಕಾಣಬಾರದು ಅನ್ನುತ್ತಿದ್ದರು. ಹಣೆಯ ಎರಡೂ ಬದಿ ಕೂದಲು ತೆಳುವಾಯಿತು. ಚರ್ಮದ ಡಾಕ್ಟರು ಎಳೆತದಿಂದಲೇ ಹೀಗಾಗಿದೆ, ಬೇಗ ನಿಲ್ಲಿಸಿದರೆ ಮತ್ತೆ ಬರುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಬುಡವೇ ಹಾಳಾಗುತ್ತದೆ ಅಂದರು. ಸಡಿಲ ಮಾಡಿದ ಮೇಲೆ ನನಗೆ ಬಹುಪಾಲು ವಾಪಸ್ ಬಂತು, ಆದರೆ ಆ ತಿಂಗಳುಗಳು ತುಂಬಾ ಸಂಕಟದವು.

ಈಗ ಪಿನ್ ಹಾಕಿ ಮುಗಿದ ಮೇಲೆ ಹುಬ್ಬು ಎತ್ತಿ ನೋಡುತ್ತೇನೆ, ಕತ್ತು ಬಗ್ಗಿಸಿ ನೋಡುತ್ತೇನೆ. ಎಲ್ಲಾದರೂ ಚುಳ್ ಅಂದರೆ ಆ ಜಾಗದ ಕೂದಲನ್ನು ಬೆರಳಿನಿಂದ ಸ್ವಲ್ಪ ಮುಂದಕ್ಕೆ ಸಡಿಲಿಸುತ್ತೇನೆ. ವಾರದಲ್ಲಿ ಎರಡು ದಿನ ಸಡಿಲ ಜಡೆ. ತುರುಬನ್ನೂ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಕುತ್ತೇನೆ. ರಬ್ಬರ್ ಬ್ಯಾಂಡ್ ಬೇಕೇ ಬೇಕಾದರೆ ಬಟ್ಟೆ ಸುತ್ತಿದ್ದು ಬಳಸಿ, ಲೋಹದ ಜೋಡಣೆ ಇರುವುದು ಕೂದಲನ್ನು ಕತ್ತರಿಸುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗುಚುವ ವಿಧಾನ ಇವತ್ತು ಮಾಡಿದೆ, 8 ಯು ಪಿನ್ ಹಿಡಿಯಿತು. ಮೂರು ಗಂಟೆ ಅಲ್ಲಾಡಲಿಲ್ಲ! ತಲೆನೋವೂ ಇಲ್ಲ. ಆದರೆ ಕಾರಿನ ಸೀಟಿಗೆ ಒರಗಿದಾಗ ಕೆಳಗಿನ ಭಾಗ ಎದ್ದು ಬಂತು. ಅದಕ್ಕೇನು ಮಾಡುತ್ತೀರಿ?

ಮೊದಲು ಉತ್ತರಿಸಿದವರು:
ಒಳ್ಳೆಯದಾಯಿತು! ಕತ್ತಿನ ಹತ್ತಿರದ ಮೊದಲ ಪಿನ್ ಮೇಲ್ಮುಖವಾಗಿ ಹಾಕಿದ್ದೀರಾ ನೋಡಿ. ಅದೊಂದು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಒರಗಿದಾಗ ಸೀಟೇ ಅದನ್ನು ಒಳಕ್ಕೆ ಒತ್ತುತ್ತದೆ. ದೂರದ ಪ್ರಯಾಣವಾದರೆ ನಾನು ಟ್ವಿಸ್ಟ್ ಹಾಕುವುದೇ ಇಲ್ಲ, ಜಡೆ ಹಾಕಿಕೊಂಡು ಹೋಗಿ ಇಳಿದ ಮೇಲೆ ಸುತ್ತಿಕೊಳ್ಳುತ್ತೇನೆ. ಕೈ ಪಳಗಿದ ಮೇಲೆ ಐದು ನಿಮಿಷವೂ ಬೇಡ, ಕನ್ನಡಿಯೂ ಬೇಡ.